ಬಿ.ಪಿ. ಪಟ್ಟಿ ಸುತ್ತದ ತೋಳು

ಕುಷ್ಠರೋಗ ಹುಡುಕುವುದಕ್ಕೆ ಬೇಕಾದದ್ದು ಬಿಸಿಲು, ಒಂದು ಚೂರು ಹತ್ತಿ ಮತ್ತು ತಾಳ್ಮೆ. ಪಾವಗಡದ ಕಡೆ ಬಿಸಿಲಿಗೆ ಬರವಿಲ್ಲ. ಹತ್ತಿಯನ್ನು ಸರ್ಕಾರ ಕೊಡುತ್ತಿತ್ತು. ತಾಳ್ಮೆ ನನಗೆ ಹುಟ್ಟಿನಿಂದಲೇ ಕಡಿಮೆ, ಅದರ ಮೇಲೆ ತಿಂಗಳ ಗುರಿ ಬೇರೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕುಷ್ಠರೋಗ ನಿಯಂತ್ರಣ ಘಟಕದಲ್ಲಿ ಕ್ಷೇತ್ರ ಕಾರ್ಯಕರ್ತ. ವೈ.ಎನ್.ಹೊಸಕೋಟೆ ಸುತ್ತಲಿನ ಹಳ್ಳಿ, ಹಟ್ಟಿಗಳು ನನ್ನ ಪಾಲಿನವು. ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದು ತಗಡಿನ ಡಬ್ಬಿ. ಅದರಲ್ಲಿ ಹತ್ತಿ, ಬ್ಲೇಡು, ಗಾಜಿನ ಸ್ಲೈಡು, ಡ್ಯಾಪ್ಸೋನ್ ಎಂಬ ಕುಷ್ಠದ ಮಾತ್ರೆ, ಇನ್ನೂ ಹೆಸರು ಬರೆಯದ ಕಾರ್ಡುಗಳ ಕಟ್ಟು.

ಕೆಲಸದ ಕ್ರಮ ಕಷ್ಟದ್ದಲ್ಲ. ಮನೆಮಂದಿಯನ್ನೆಲ್ಲ ಬೆಳಕಿನಲ್ಲಿ ನಿಲ್ಲಿಸಿ ಮೈ ನೋಡಬೇಕು. ತಿಳಿಬಣ್ಣದ ಮಚ್ಚೆ ಕಂಡರೆ ಅವರ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಅಲ್ಲಿ ಮುಟ್ಟಬೇಕು. ಸವರಬಾರದು, ಬರೀ ಮುಟ್ಟಬೇಕು. ಮುಟ್ಟಿದ ಜಾಗಕ್ಕೆ ಅವರು ಬೆರಳಿಡಬೇಕು. ಇಡದಿದ್ದರೆ ಅಲ್ಲಿ ಸ್ಪರ್ಶ ಹೋಗಿದೆ ಎಂದರ್ಥ. ಆಮೇಲೆ ಮೊಣಕೈ ಹಿಂದೆ, ಕುತ್ತಿಗೆಯ ಪಕ್ಕ, ಮೊಣಕಾಲ ಕೆಳಗೆ ನರಗಳನ್ನು ಹುಡುಕಿ, ದಪ್ಪಗಾಗಿವೆಯೇ ಎಂದು ಬೆರಳಲ್ಲಿ ಹೊರಳಿಸಿ ನೋಡಬೇಕು. ಕೊನೆಗೆ ಕಿವಿಯ ಹಾಲೆಯನ್ನು ಸ್ವಲ್ಪ ಗೀರಿ ಸ್ಲೈಡಿಗೆ ಸವರಿ ಪ್ರಯೋಗಾಲಯಕ್ಕೆ ಕಳಿಸಬೇಕು. ಇಷ್ಟೆಲ್ಲ ಮಾಡಿ ಒಂದೂ ಹೊಸ ಕೇಸು ಸಿಗದಿದ್ದರೆ ಮೇಲ್ವಿಚಾರಕರಿಂದ ಬೈಸಿಕೊಳ್ಳಬೇಕು.

ಆ ಹಟ್ಟಿಗೆ ಹೋದ ದಿನ ತಿಂಗಳು ಮುಗಿಯುತ್ತಾ ಬಂದಿತ್ತು, ನನ್ನ ಲೆಕ್ಕ ಖಾಲಿ. ಮೇಲ್ವಿಚಾರಕರೂ ಜೊತೆಗೆ ಬಂದಿದ್ದರು. ಮುಳ್ಳುಬೇಲಿಯ ಹೊರಗೇ ಚಪ್ಪಲಿ ಬಿಟ್ಟು ಒಳಗೆ ಹೋಗುವುದು ಅಲ್ಲಿನ ಪದ್ಧತಿ. ಕುರಿ ಮೇಯಿಸುವ ಜನ. ಒಂದು ಗುಡಿಸಲ ಮುಂದೆ ತಾಯಿ, ಮಗಳು ಉಣ್ಣೆ ನೂಲುತ್ತಾ ಕುಳಿತಿದ್ದರು. ತಾಯಿಯ ಮುಖ, ಕುತ್ತಿಗೆ, ತೋಳು ಎಲ್ಲ ಗಂಟು. ಕಡಲೆಕಾಯಿ ಗಾತ್ರದಿಂದ ನಿಂಬೆ ಗಾತ್ರದವರೆಗೆ, ಒತ್ತಿದರೆ ಮೆತ್ತಗೆ. ಮಗಳಿಗೆ ಹತ್ತೊಂಬತ್ತಿರಬಹುದು. ಗಂಟು ಒಂದೋ ಎರಡೋ. ಆದರೆ ಬೆನ್ನಿನ ಮೇಲೆ, ತೋಳಿನ ಮೇಲೆ ಕಾಫಿ ಬಣ್ಣದ ಚಪ್ಪಟೆ ಮಚ್ಚೆಗಳು. ಬಲ ಮೊಣಕೈಯ ನರ ಹಗ್ಗದಷ್ಟು ದಪ್ಪ.

"ಇವು ಯಾವಾಗಿಂದ?" ಎಂದು ತಾಯಿಯನ್ನು ಕೇಳಿದೆ.

"ನಮ್ಮಪ್ಪನ್ಗೂ ಇದ್ವು ಸಾಮಿ. ನಂಗೆ ಮೈ ನೆರ್ದ ಮ್ಯಾಲೆ ಬಂದ್ವು. ನೋವಿಲ್ಲ, ಏನಿಲ್ಲ. ದೇವ್ರು ಕೊಟ್ಟಿದ್ದು, ಇರ್ಲಿ ಬುಡು ಅಂತ ಇದ್ದೀವಿ."

ಮಗಳ ಕಣ್ಣು ಮುಚ್ಚಿಸಿ ಬಲಗೈ ಮಚ್ಚೆಯ ಮೇಲೆ ಎಂಟು ಸಲ ಹತ್ತಿ ಮುಟ್ಟಿಸಿದೆ. ಎಂಟಕ್ಕೆ ಎಂಟು ಸಲವೂ ಸರಿಯಾದ ಜಾಗಕ್ಕೆ ಬೆರಳಿಟ್ಟಳು. ಒಂದು ಸಲ ನಾನು ಬೇಕೆಂತಲೇ ಮುಟ್ಟದೆ ಸುಮ್ಮನಿದ್ದೆ. ಕಣ್ಣು ಮುಚ್ಚಿಕೊಂಡೇ ನಕ್ಕಳು. "ಏನ್ ಸಾ, ಮುಟ್ನೇ ಇಲ್ಲ! ಉಣ್ಣೇಲಿ ಒಂದು ಸಣ್ಣ ಮುಳ್ಳಿದ್ರೂ ಈ ಕೈಗೆ ಗೊತ್ತಾಗ್ತೈತೆ. ನಿಮ್ ಹತ್ತಿ ಗೊತ್ತಾಗಾಕಿಲ್ವಾ?"

ಕುಷ್ಠದ ಮಚ್ಚೆ ತಿಳಿಯಾಗಿರುತ್ತದೆ, ಹೀಗೆ ಕಂದಾಗಿರುವುದಿಲ್ಲ ಎಂದು ಮೇಲ್ವಿಚಾರಕರಿಗೆ ಪಿಸುಗುಟ್ಟಿದೆ.

"ಬಿಸಿಲಿಗೆ ಕಪ್ಪಾಗಿದೆ ಬರಿಯಪ್ಪಾ," ಎಂದರು. "ತಾಯಿಗೆ ಮೈ ತುಂಬ ಗಂಟು, ಮಗಳಿಗೆ ನರ ದಪ್ಪ. ಇನ್ನೇನು ಹಣೆ ಮೇಲೆ ಬರ್ಕೊಂಡು ಬರ್ಬೇಕಾ?"

ಎರಡು ಕಾರ್ಡು ಬರೆದೆ. ಸ್ಪರ್ಶ ಸರಿಯಿದೆ ಎಂದು ಬರೆದರೆ ಕೇಸು ನಿಲ್ಲುವುದಿಲ್ಲ. ಹಾಗಾಗಿ ಮಗಳ ಕಾರ್ಡಿನಲ್ಲಿ, ಬಲಗೈ ಎಂಬುದರ ಮುಂದೆ, "ಸ್ಪರ್ಶ ಇಲ್ಲ" ಎಂದು ಬರೆದೆ. ಅವರು ಬರೆಸಿದರು ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಹತ್ತಿ ಹಿಡಿದ ಕೈಯೂ ನನ್ನದು, ಪೆನ್ನು ಹಿಡಿದ ಕೈಯೂ ನನ್ನದು. ಕಿವಿಯ ಸ್ಲೈಡುಗಳು ಹದಿನೈದು ದಿನದ ಮೇಲೆ ನೆಗೆಟಿವ್ ಎಂದು ಬಂದವು. ಅಷ್ಟು ಗಂಟಿರುವ ಕುಷ್ಠದಲ್ಲಿ ರೋಗಾಣು ಕಿಕ್ಕಿರಿದಿರಬೇಕು. ಅದೂ ನನಗೆ ಗೊತ್ತಿತ್ತು. ಚೀಟಿಯನ್ನು ಫೈಲಿಗೆ ಸೇರಿಸಿ ಸುಮ್ಮನಾದೆ.

ಹಟ್ಟಿಯವರಿಗೆ ಆ ಗಂಟುಗಳು ಎರಡು ತಲೆಮಾರಿನಿಂದ ಗೊತ್ತಿದ್ದವು. ಯಾರೂ ಹೇಸಿದವರಲ್ಲ. ನನ್ನ ಕಾರ್ಡು ಅದಕ್ಕೊಂದು ಹೆಸರು ಕೊಟ್ಟ ಮೇಲೆ ಶುರುವಾಯಿತು. ಮಗಳು ನೂತ ನೂಲನ್ನು ಕಂಬಳಿ ನೇಯುವವರು ಬೇಡವೆಂದರು. ಸೋದರಮಾವನ ಮನೆಯಲ್ಲಿ ಆಗಿದ್ದ ಮದುವೆಯ ಮಾತು ನಿಂತುಹೋಯಿತು. ಬೇಲಿಯ ಹೊರಗೆ, ಹೆಂಗಸರು ಮುಟ್ಟಾದಾಗ ಇರುವ ಒಂದು ಗುಡ್ಲು ಇತ್ತು, ಅದರ ಪಕ್ಕದಲ್ಲೇ ಇನ್ನೊಂದು ಗುಡ್ಲು ಹಾಕಿ ತಾಯಿ ಮಗಳನ್ನು ಅಲ್ಲಿಗೆ ಕಳಿಸಿದರು. ನಾನು ಪ್ರತಿ ತಿಂಗಳೂ ಹೋಗಿ ಮಾತ್ರೆ ಕೊಟ್ಟು ಬರುತ್ತಿದ್ದೆ. ಅವರ ಗುಡ್ಲಿಗೆ ಹೋಗಲು ಈಗ ಚಪ್ಪಲಿ ಬಿಡಬೇಕಾಗಿರಲಿಲ್ಲ.

ಎರಡನೆಯ ವರ್ಷ ಮಗಳಿಗೆ ತಲೆನೋವು ಶುರುವಾಯಿತು. ಬೆಳಗ್ಗೆ ಎದ್ದಾಗ ಹಿಂದಲೆ ಸಿಡಿಯುತ್ತದೆ ಎನ್ನುತ್ತಿದ್ದಳು. ಎರಡು ಮೂರು ಸಲ ಮೂಗಿನಲ್ಲಿ ರಕ್ತ ಸುರಿಯಿತು. ಡ್ಯಾಪ್ಸೋನಿನಿಂದ ರಕ್ತ ಕಡಿಮೆಯಾಗುವುದುಂಟು, ಅದೇ ಇರಬೇಕು ಎಂದು ಕಾರ್ಡಿನಲ್ಲಿ ಬರೆದು ಕಬ್ಬಿಣದ ಮಾತ್ರೆ ಕೊಟ್ಟೆ. ತಾಯಿ ಅವಳ ನೆತ್ತಿಗೆ ಹರಳೆಣ್ಣೆ ತಟ್ಟಿದಳು. ನಾವಿಬ್ಬರೂ ಒಂದೇ ಮಟ್ಟದ ವೈದ್ಯರು. ತಾಯಿಯ ಔಷಧದಲ್ಲಿ ತಂಪಾದರೂ ಇತ್ತು.

ನೋವು ನಿಲ್ಲದೆ ಹೋದಾಗ ಅವಳನ್ನು ನಮ್ಮ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಹೆಸರು ಹೇಳುವುದು ಬೇಡ, ಆ ಕಾಲದಲ್ಲಿ ಎಲ್ಲಿಗೆ ಹೋಗಿದ್ದರೂ ಅದೇ ಆಗುತ್ತಿತ್ತು. ಎಲ್ಲಿಗೆ ಹೋದರೂ ಮೊದಲು ಕಾರ್ಡು ತೋರಿಸಬೇಕು ಎಂದು ನಾವೇ ರೋಗಿಗಳಿಗೆ ಹೇಳಿಕೊಟ್ಟಿದ್ದೆವು. ಅವಳು ತೋರಿಸಿದಳು. ಕಾರ್ಡಿನವರು ಹೊರಗೆ, ಬೇವಿನ ಮರದ ಕೆಳಗಿನ ಕಲ್ಲುಕಟ್ಟೆಯ ಮೇಲೆ ಕೂರಬೇಕು. ಆಗಿದ್ದ ಡಾಕ್ಟರು ಕಿಟಕಿಯಿಂದಲೇ ಏನು ಎತ್ತ ವಿಚಾರಿಸಿ ತಲೆನೋವಿನ ಮಾತ್ರೆ ಬರೆದರು.

"ಸ್ವಲ್ಪ ಬಿ.ಪಿ. ನೋಡಿಬಿಡ್ತೀರಾ?" ಎಂದು ಕಾಂಪೌಂಡರನ್ನು ಕೇಳಿದೆ.

"ಆ ಪಟ್ಟಿ ಒಗೆಯಂಗಿಲ್ಲ ಕಣ್ರೀ, ಒಳಗೆ ರಬ್ಬರ್ ಚೀಲ ಐತೆ," ಎಂದ. "ಇವಳಿಗೆ ಸುತ್ತಿದ್ದನ್ನ ನಾಳೆ ಬಸುರಿ ಹೆಂಗಸ್ರಿಗೆ ಹೆಂಗೆ ಸುತ್ತೋದು? ಅಲ್ದೆ ಇಪ್ಪತ್ತು ವರ್ಷದ ಹುಡ್ಗೀಗೆ ಎಂಥದು ಬಿ.ಪಿ.?"

ಇದು ಆ ಕೇಂದ್ರದ ಬರೆಯದ ನಿಯಮ. ನಾನು ದಿನವೂ ಬರಿಗೈಯಲ್ಲಿ ರೋಗಿಗಳನ್ನು ಮುಟ್ಟುತ್ತಿದ್ದವನು. ಅಷ್ಟು ಸುಲಭಕ್ಕೆ ಅಂಟುವ ರೋಗವಲ್ಲ ಎಂದು ಊರೂರಲ್ಲಿ ಭಾಷಣ ಮಾಡುತ್ತಿದ್ದವನು. ಅಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಇವಳಿಗೆ ಕುಷ್ಠವೇ ಇಲ್ಲ ಎಂದು ಗೊತ್ತಿದ್ದ ಒಬ್ಬನೇ ಒಬ್ಬ ಆ ಮರದ ಕೆಳಗೆ ನಿಂತಿದ್ದ, ಅವನು "ಸರಿ ಬಿಡಿ" ಎಂದು ಸೈಕಲ್ ತಿರುಗಿಸಿದ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಏಳೆಂಟು ತಿಂಗಳ ಮೇಲೆ ಆ ಕೇಂದ್ರಕ್ಕೆ ಹೊಸ ಲೇಡಿ ಡಾಕ್ಟರು ಬಂದರು. ಓದು ಮುಗಿಸಿ ನೇರ ಬಂದವರು, ಮಾತು ಖಡಕ್ಕು. ಆ ಹೊತ್ತಿಗೆ ಹುಡುಗಿಗೆ ಕಣ್ಣು ಮಂಜಾಗತೊಡಗಿತ್ತು. ಮತ್ತೆ ಕಲ್ಲುಕಟ್ಟೆಯ ಮೇಲೆ ಕೂರಿಸಿದೆವು. ಡಾಕ್ಟರು ಕಿಟಕಿಗೆ ಬರಲಿಲ್ಲ, ಬಾಗಿಲಿಂದ ಹೊರಗೆ ಬಂದರು. ಅವಳ ರೆಪ್ಪೆ ಎಳೆದು ನೋಡಿ, "ರಕ್ತ ಚೆನ್ನಾಗೇ ಇದೆ. ಬಿ.ಪಿ. ಎಷ್ಟು?" ಎಂದರು. ಕಾಂಪೌಂಡರ್ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಅವರೇ ಒಳಗೆ ಹೋಗಿ ಬಿ.ಪಿ. ಪೆಟ್ಟಿಗೆ ತಂದು, ಕಟ್ಟೆಯ ಮೇಲೆ ಪಕ್ಕದಲ್ಲೇ ಕುಳಿತು ಅವಳ ತೋಳಿಗೆ ಪಟ್ಟಿ ಸುತ್ತಿದರು.

ಪಾದರಸ ಇನ್ನೂರ ಇಪ್ಪತ್ತರ ಹತ್ತಿರವೇ ಕುಣಿಯತೊಡಗಿತು. ಕೆಳಗಿನದು ನೂರ ನಲವತ್ತು. ಅವರು ನಂಬದೆ ಇನ್ನೊಂದು ತೋಳಿಗೆ ಸುತ್ತಿದರು. ಅಲ್ಲೂ ಅಷ್ಟೇ. ಹುಡುಗಿಗೆ ಅದೊಂದು ಮೋಜು. "ಗಟ್ಟಿಯಾಗಿ ಹಿಡ್ಕೊಳ್ತೈತೆ ಕಣಮ್ಮ ಇದು," ಎಂದು ತಾಯಿಗೆ ಹೇಳಿ ನಕ್ಕಳು. ಹೊರಗಿನವರು ಅವಳ ತೋಳು ಹಿಡಿದು ಎರಡು ವರ್ಷದ ಮೇಲಾಗಿತ್ತು.

ಆಮೇಲೆ ಅವಳನ್ನು ಒಳಗಿನ ಮಂಚದ ಮೇಲೆ ಮಲಗಿಸಿ, ಹೊಕ್ಕುಳ ಪಕ್ಕದಲ್ಲಿ ಸ್ಟೆತಸ್ಕೋಪ್ ಒತ್ತಿ, ಎಷ್ಟೋ ಹೊತ್ತು ಕಣ್ಣು ಮುಚ್ಚಿ ಕೇಳಿದರು. ನನ್ನನ್ನೂ ಕರೆದು ಕಿವಿಗೆ ಇಟ್ಟರು. ನಾಡಿಯ ಜೊತೆಗೇ ಸೂಂಯ್, ಸೂಂಯ್ ಎಂದು ಸದ್ದು. ನಲ್ಲಿಯನ್ನು ಅರ್ಧ ತಿರುಗಿಸಿದಾಗ ಬರುತ್ತದಲ್ಲ, ಅಂಥದ್ದು. ಕಂಕುಳಲ್ಲಿ ಎಳ್ಳು ಚೆಲ್ಲಿದಂತೆ ಇದ್ದ ಚುಕ್ಕೆಗಳನ್ನು ನೋಡಿದರು. ಕಾಫಿ ಬಣ್ಣದ ಮಚ್ಚೆಗಳನ್ನು ಒಂದೊಂದಾಗಿ ಎಣಿಸಿ ಸ್ಕೇಲಿಟ್ಟು ಅಳೆದರು. ತಾಯಿಯ ಗಂಟು ಮುಟ್ಟಿ ನೋಡಿ, ಅವಳಿಗೂ ಪಟ್ಟಿ ಸುತ್ತಿದರು. ತಾಯಿಯ ಬಿ.ಪಿ. ಸರಿಯಾಗಿಯೇ ಇತ್ತು.

"ಇವರಿಗೆ ಕುಷ್ಠ ಅಂತ ಬರೆದ ಮಹಾನುಭಾವರು ಯಾರು?" ಎಂದರು. ನಾನು ಬಿ.ಪಿ. ಪಟ್ಟಿಯನ್ನು ಮಡಚಿ ಪೆಟ್ಟಿಗೆಗೆ ಇಡತೊಡಗಿದೆ.

ಅವರು ವಿವರಿಸಿದರು. ಇದು ನರದ ಮೇಲೆ ಗಂಟು ಬೆಳೆಯುವ ಕಾಯಿಲೆ, ವಂಶದಲ್ಲಿ ಇಳಿದು ಬರುತ್ತದೆ, ಯಾರಿಗೂ ಅಂಟುವುದಿಲ್ಲ. ಗಂಟು, ಮಚ್ಚೆ ಎಲ್ಲರಿಗೂ ಕಾಣುತ್ತವೆ. ಕಾಣದ್ದು ಒಂದಿದೆ. ಇಂಥ ಕೆಲವರಿಗೆ ರಕ್ತನಾಳದ ಗೋಡೆಯೂ ಕೆಡುತ್ತದೆ. ಒಳಗಿನಿಂದ ದಪ್ಪವಾಗಿ ನಾಳ ಕಿರಿದಾಗುತ್ತದೆ, ಕೆಲವು ಕಡೆ ಉಬ್ಬುತ್ತದೆ. ಇವಳಿಗೆ ಮೂತ್ರಪಿಂಡಕ್ಕೆ ಹೋಗುವ ನಾಳ ಕಿರಿದಾಗಿರಬೇಕು. ತನಗೆ ರಕ್ತ ಸಾಲುತ್ತಿಲ್ಲ ಎಂದುಕೊಂಡು ಆ ಮೂತ್ರಪಿಂಡ ಇಡೀ ಮೈಯ ಒತ್ತಡ ಏರಿಸುತ್ತಿದೆ. "ಮಾತ್ರೆ ಕೊಡ್ತೀನಿ, ಪೂರ್ತಿ ಇಳಿಯಲ್ಲ. ಬೆಂಗಳೂರಲ್ಲಿ ನಾಳಕ್ಕೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೀತಾರೆ. ಆಪರೇಷನ್ ಮಾಡಿ ನಾಳ ಸರಿ ಮಾಡಿದ್ರೆ ಹುಡುಗಿ ಉಳೀತಾಳೆ. ತಡ ಮಾಡಿದ್ರೆ ತಲೆಯೊಳಗೆ ನಾಳ ಒಡೆಯುತ್ತೆ. ಎರಡು ವರ್ಷದ ಹಿಂದೆ ಒಂದು ಸಲ ಈ ಪಟ್ಟಿ ಸುತ್ತಿದ್ರೆ ಸಾಕಾಗಿತ್ತು ಕಣ್ರೀ."

ಡಾಕ್ಟರ ಕಾಗದ ಹಿಡಿದು ಬಸ್ಸು ಹತ್ತಿದೆವು. ಮಧುಗಿರಿ, ಕೊರಟಗೆರೆ ದಾಟುವವರೆಗೂ ಹುಡುಗಿ ಕಿಟಕಿ ಬಿಡಲಿಲ್ಲ. ಮಧುಗಿರಿ ಬೆಟ್ಟ ಮಂಜು ಮಂಜಾಗಿ ಕಂಡಿತಂತೆ. "ಬರೋವಾಗ ಸಂದಾಕ್ ನೋಡ್ತೀನಿ," ಎಂದಳು.

ಬೆಂಗಳೂರಿನ ಆ ದೊಡ್ಡ ಆಸ್ಪತ್ರೆಯ ದಾಖಲಾತಿ ಕಿಟಕಿಯಲ್ಲಿ ನಾನು ಡಾಕ್ಟರ ಕಾಗದ ಕೊಡುತ್ತಿದ್ದೆ. ನಾವು ಕಲಿಸಿದ ಪಾಠ ಮರೆಯದ ಹುಡುಗಿ, ಸೆರಗಿನ ಗಂಟು ಬಿಚ್ಚಿ ತನ್ನ ಕುಷ್ಠದ ಕಾರ್ಡನ್ನು ತೆಗೆದು ಕಾಗದದ ಮೇಲೆ ಇಟ್ಟಳು. ಗುಮಾಸ್ತ ಕೈ ಹಿಂದಕ್ಕೆ ಎಳೆದುಕೊಂಡ.

ಕುಷ್ಠ ಅಲ್ಲ, ತಪ್ಪಾಗಿ ಬರೆದದ್ದು ಎಂದು ಮಧ್ಯಾಹ್ನದವರೆಗೂ ಬಡಿದುಕೊಂಡೆ. ಒಳಗಿನ ಒಬ್ಬ ದೊಡ್ಡ ಡಾಕ್ಟರು ಕಾಗದ ಓದಿ, "ಕೇಸು ನಮ್ಮದೇ," ಎಂದರು. "ಆದರೆ ಕುಷ್ಠದ ರಿಜಿಸ್ಟರಿನಲ್ಲಿ ಹೆಸರಿರೋವರೆಗೂ ಜನರಲ್ ವಾರ್ಡಿಗೆ ಹಾಕಿಕೊಳ್ಳೋಕೆ ಬಿಡಲ್ಲ. ಹೆಸರು ತೆಗೆಸಿದ ಪತ್ರ ತನ್ನಿ, ಅವತ್ತೇ ಬೆಡ್ ಕೊಡ್ತೀನಿ." ಅದೇ ಸಂಜೆಯ ಬಸ್ಸಿಗೆ ಹಿಂತಿರುಗಿದೆವು. ಕತ್ತಲಾಗಿದ್ದರಿಂದ ಬೆಟ್ಟ ಕಾಣಲಿಲ್ಲ.

ಮಾರನೆಯ ದಿನ ಮೇಲ್ವಿಚಾರಕರ ಮುಂದೆ ನಿಂತೆ. ಹೆಸರು ತೆಗೆಯಲು ಇರುವುದು ಎರಡೇ ದಾರಿ ಎಂದರು. ಒಂದು, ಗುಣವಾಯಿತು ಎಂದು ಬರೆಯುವುದು. ಅದಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗಿರಬೇಕು. ಇನ್ನೊಂದು, ರೋಗವೇ ಇರಲಿಲ್ಲ ಎಂದು ಬರೆಯುವುದು. ಅದಕ್ಕೆ ಕಾರ್ಡು ಬರೆದವನ ಹೇಳಿಕೆ ಬೇಕು, ಜಿಲ್ಲಾ ಅಧಿಕಾರಿ ಖುದ್ದು ಬಂದು ನೋಡಿ ರುಜು ಹಾಕಬೇಕು.

"ಸ್ಪರ್ಶ ಇಲ್ಲ ಅಂತ ನೀನೇ ಬರ್ದಿದೀಯ. ಈಗ ಇದೆ ಅಂತೀಯಾ? ಇದೊಂದು ಸುಳ್ಳು ಅಂತಾದ್ರೆ ನಿನ್ನ ಉಳಿದ ಕಾರ್ಡನ್ನೂ ತೆಗೆದು ನೋಡ್ತಾರೆ. ನನ್ನ ರುಜುವೂ ಇದೆ ಅದರಲ್ಲಿ. ಸುಮ್ನೆ ಇನ್ನಾರು ತಿಂಗಳು ಮಾತ್ರೆ ಕೊಡು, ಗುಣ ಆಯ್ತು ಅಂತ ಬರೆಯೋಕೆ ಏನಾದ್ರೂ ದಾರಿ ಹುಡುಕೋಣ."

ಉಳಿದ ಕಾರ್ಡು ಎಂದಾಗ ನಾನು ಎದ್ದು ಸೈಕಲ್ ಕಡೆ ನಡೆದೆ. ಅಂಥ ಕಾರ್ಡು ಅದೊಂದೇ ಆಗಿರಲಿಲ್ಲ.

ಒಂಬತ್ತು ದಿನ ನಾನು ಏನೂ ಮಾಡಲಿಲ್ಲ. ದಿನಾ ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಬೇರೆ ದಿಕ್ಕಿನ ಹಳ್ಳಿಗಳಿಗೆ ಹೋಗುತ್ತಿದ್ದೆ. ಕೆಲಸ ಹೋದರೆ ಏನು ಗತಿ ಎಂದು ಹೆದರಿಕೆ. ಮಾತ್ರೆ ಕೊಟ್ಟಿದ್ದಾರಲ್ಲ, ಆರು ತಿಂಗಳು ತಡೆದೀತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹತ್ತನೆಯ ದಿನ ಲೇಡಿ ಡಾಕ್ಟರು ದಾರಿಯಲ್ಲಿ ಸಿಕ್ಕಿ ಸೈಕಲ್ ನಿಲ್ಲಿಸಿದರು. "ನಿನ್ನೆ ನೋಡಿದೆ. ಎರಡು ಥರ ಮಾತ್ರೆ ಕೊಟ್ಟರೂ ಇನ್ನೂರಕ್ಕಿಂತ ಇಳಿದಿಲ್ಲ. ಪತ್ರ ಎಲ್ಲಿ?" ಎಂದರು.

ಅವತ್ತು ಹೊಸಕೋಟೆಯ ಹೋಟೆಲೊಂದರ ಬೆಂಚಿನ ಮೇಲೆ ಕುಳಿತು ಹೇಳಿಕೆ ಬರೆದೆ. ಎಂಟು ಸಲ ಮುಟ್ಟಿದೆ, ಎಂಟು ಸಲವೂ ಅವಳಿಗೆ ಗೊತ್ತಾಯಿತು, ಗುರಿ ತುಂಬಿಸಲು ನಾನು ಸುಳ್ಳು ಬರೆದೆ, ಇದು ಯಾರ ಒತ್ತಾಯದಿಂದಲೂ ಅಲ್ಲ. ಕೊನೆಯದು ಪೂರ್ತಿ ನಿಜವಲ್ಲ. ಆದರೆ ಮೇಲ್ವಿಚಾರಕರ ಹೆಸರು ಬಂದರೆ ಕಾಗದ ಅವರ ಮೇಜಿನಿಂದ ಮುಂದಕ್ಕೆ ಸರಿಯುತ್ತಿರಲಿಲ್ಲ. ಓದಿ ಅವರು, "ನಿನ್ನ ಹಣೆಬರಹ," ಎಂದು ಮೇಲಕ್ಕೆ ಕಳಿಸಿದರು.

ಕಚೇರಿಯ ಕಾಗದ ಕಚೇರಿಯ ನಡಿಗೆಯಲ್ಲೇ ನಡೆಯಿತು. ಅಧಿಕಾರಿ ಬರಲು ಮೂರು ವಾರವಾಯಿತು. ಅವರು ಅವಳ ಕಣ್ಣು ಮುಚ್ಚಿಸಿ ತಾವೇ ಹತ್ತಿ ಮುಟ್ಟಿಸಿದರು. ಈ ಸಲ ಹುಡುಗಿ ನಗಲಿಲ್ಲ, ಪರೀಕ್ಷೆ ಬರೆಯುವವಳ ಹಾಗೆ ಹಲ್ಲು ಕಚ್ಚಿಕೊಂಡು ಒಂದೊಂದಕ್ಕೂ ಬೆರಳಿಟ್ಟಳು. ತಪ್ಪಲಿಲ್ಲ. ಸ್ಲೈಡು ಮತ್ತೆ ಹೋಯಿತು, ಮತ್ತೆ ನೆಗೆಟಿವ್ ಬಂತು. ಇನ್ನೂ ಎರಡು ವಾರದ ಮೇಲೆ ಒಂದು ಗುರುವಾರ ಪತ್ರ ಬಂತು. ತಾಯಿ, ಮಗಳು ಇಬ್ಬರ ಹೆಸರನ್ನೂ ತೆಗೆದಿದ್ದರು. ಅದೇ ಲಕೋಟೆಯಲ್ಲಿ ನನಗೆ ಅಮಾನತು ಪತ್ರವೂ ಇತ್ತು. ಅದನ್ನು ಪೂರ್ತಿ ಓದದೆ ಜೇಬಿಗಿಟ್ಟು ಸೈಕಲ್ ಹತ್ತಿದೆ. ಮಾರನೆಯ ದಿನದ ಮೊದಲ ಬಸ್ಸಿಗೆ ಹೊರಡಿಸಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಗುಡ್ಲಿನ ಮುಂದೆ ಲೇಡಿ ಡಾಕ್ಟರು ನಿಂತಿದ್ದರು. ನನ್ನನ್ನು ಕಂಡು ಬೇರೆ ಕಡೆ ಮುಖ ತಿರುಗಿಸಿದರು.

ಹಿಂದಿನ ದಿನ ತಾಯಿ ಕುರಿ ಹೊಡೆದುಕೊಂಡು ಹೋಗಿದ್ದಾಗ ಆಗಿತ್ತು. ಸಂಜೆ ಬಂದು ನೋಡಿದರೆ ಹುಡುಗಿ ರಾಟೆಯ ಮೇಲೆ ಬೋರಲು ಬಿದ್ದಿದ್ದಳು. ಬೇಲಿಯೊಳಗೆ ಇದ್ದಿದ್ದರೆ ಯಾರಾದರೂ ನೋಡುತ್ತಿದ್ದರು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಜೀವ ಉಳಿದಿತ್ತು. ಬಾಯಿ ಎಡಕ್ಕೆ ಎಳೆದಿತ್ತು, ಮಾತು ತೊದಲುತ್ತಿತ್ತು, ಬಲಗೈ, ಬಲಗಾಲು ಕಂಬಳಿಯ ಮೇಲೆ ಬಿದ್ದುಕೊಂಡಿದ್ದವು.

"ಏಂ ಖರ್ಮ ಸಾಮಿ ಇದಿ, ಇದೆಂಥ ಕರ್ಮ," ಎಂದು ತಾಯಿ ತೆಲುಗು ಬೆರೆಸಿ ಗೋಳಾಡುತ್ತಾ ಎದೆ ಬಡಿದುಕೊಂಡಳು. "ಈ ಕೈ ಚಿವುಟಿದ್ರೂ ಉಸ್ ಅನ್ನಾಕಿಲ್ಲ. ನೀನೇ ನೋಡು, ನೀನು ನೋಡೋನಲ್ವಾ?"

ಬೇರೆ ಏನು ಮಾಡಬೇಕೋ ತೋಚಲಿಲ್ಲ. ಡಬ್ಬಿ ತೆಗೆದು ಹತ್ತಿಯ ಎಳೆ ಹೊಸೆದೆ. ಕಣ್ಣು ಮುಚ್ಚು ಎಂದೆ, ಮುಚ್ಚಿದಳು. ಎಡ ಕೆನ್ನೆಗೆ ಮುಟ್ಟಿಸಿದೆ, ಎಡಗೈ ನಿಧಾನಕ್ಕೆ ಎದ್ದು ಸರಿಯಾಗಿ ಅಲ್ಲಿಗೇ ಬಂತು. ಬಲಗೈಯ ಮಚ್ಚೆಗೆ ಮುಟ್ಟಿಸಿದೆ. ಎಡಗೈ ಏಳಲಿಲ್ಲ. ಅಂಗೈಗೆ ಮುಟ್ಟಿಸಿದೆ. ಬೆರಳ ತುದಿಗೆ, ಉಣ್ಣೆಯಲ್ಲಿ ಮುಳ್ಳು ಹುಡುಕುತ್ತಿದ್ದ ಆ ಬೆರಳುಗಳ ತುದಿಗೆ, ಒಂದೊಂದಕ್ಕೂ ಮುಟ್ಟಿಸಿದೆ. ಅವಳು ನಾನು ಇನ್ನೂ ಶುರು ಮಾಡಿಲ್ಲವೆಂದುಕೊಂಡು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಳು. ಎರಡು ವರ್ಷದ ಹಿಂದೆ ಇದೇ ಬಲಗೈಯ ಬಗ್ಗೆ ನಾನು ಬರೆದಿದ್ದ ಎರಡು ಪದ ಈಗ ನಿಜವಾಗಿದ್ದವು.

ಹೆಸರು ತೆಗೆದ ಪತ್ರ ನನ್ನ ಕೈಯಿಂದ ಯಾವಾಗ ಜಾರಿ ಬಿತ್ತೋ ಏನೋ, ತಾಯಿ ಅದನ್ನು ನೆಲದಿಂದ ಎತ್ತಿ ನನ್ನ ಮುಂದೆ ಹಿಡಿದಳು.

"ಏನೈತೆ ಇದ್ರಾಗೆ?"

"ನಿಮ್ಮ ಹೆಸರು ತೆಗೆದವ್ರೆ ಕಣಮ್ಮ. ನಿಮಗೆ ಆ ರೋಗ ಇಲ್ಲ. ಇನ್ನು ಯಾವ ಆಸ್ಪತ್ರೇಲಾದ್ರೂ ಇವಳನ್ನ ಮುಟ್ತಾರೆ."

ತಾಯಿ ಮಗಳ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬಹಳ ಹೊತ್ತು ಅದನ್ನೇ ಸವರಿದಳು.

"ಮುಟ್ಲಿ ಬುಡು," ಎಂದಳು. "ಮುಟ್ಟಿದ್ದು ಅವ್ಳಿಗೆ ಗೊತ್ತಾಗ್ಬೇಕಲ್ಲಪ್ಪಾ."